ಹೊತ್ತು ಮುಳುಗುವ ಮುಂಚೆ ದಂಡೆಗೆ

ತಂಬಾಕಿನ ವ್ಯಾಪಾರಿಗೆ ದೋಣಿಯ ಹುಚ್ಚು ಹಿಡಿಯಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ನಿಜ. ಆದರೂ ಎಂಬತ್ತರ ದಶಕದಲ್ಲಿ ನಾನು ತೆಲಸಂಗದಿಂದ ಸೊಸೆಯಾಗಿ ನಿಪ್ಪಾಣಿಗೆ ಬಂದಾಗ, ಮಾವನವರ ವಖಾರದಲ್ಲಿ ತಂಬಾಕಿನ ಮೂಟೆಗಳ ಮೇಲೆ ದೊಡ್ಡದೊಂದು ಬಿಳಿಯ ಹಾಯಿ ಒಣಗಲು ಹಾಕಿದ್ದನ್ನು ನೋಡಿ ಕಕ್ಕಾಬಿಕ್ಕಿಯಾದೆ. ನಮ್ಮ ಊರ ಕಡೆ ನೀರು ಕೊಡದಲ್ಲಿ ಕಂಡರೇ ಹೆಚ್ಚು.

ಮಾವನವರು ವ್ಯಾಪಾರಕ್ಕೆಂದು ರತ್ನಾಗಿರಿಗೆ ಹೋದಾಗ ಸಮುದ್ರದ ಮೇಲಿನ ಹಾಯಿದೋಣಿಗಳಿಗೆ ಮನಸೋತು, ಅಲ್ಲಿನ ಬಡಗಿಯಿಂದಲೇ ಚಿಕ್ಕದೊಂದನ್ನು ಮಾಡಿಸಿ ಲಾರಿಯಲ್ಲಿ ಹೇರಿಕೊಂಡು ಬಂದಿದ್ದರಂತೆ. ಸಮುದ್ರವನ್ನು ಹೇರಿಕೊಂಡು ಬರಲಾಗಲಿಲ್ಲ. ಹಾಗಾಗಿ ಕುಡಚಿಯ ಹತ್ತಿರ, ಕೃಷ್ಣೆಯ ದಂಡೆಯಲ್ಲಿದ್ದ ನಮ್ಮ ಹೊಲದಲ್ಲಿ ದೋಣಿಯನ್ನು ಕಟ್ಟಿಹಾಕಿದರು. ಮಹಾಪೂರ ಇಳಿದು ಹೊಳೆ ಶಾಂತವಾದ ಮೇಲೆ ಪ್ರತಿ ರವಿವಾರ ಮನೆಮಂದಿಯೆಲ್ಲ ಜೀಪಿನಲ್ಲಿ ಅಲ್ಲಿಗೆ. ವಖಾರದಲ್ಲಿ ತುಟಿ ಬಿಚ್ಚದ ಮನುಷ್ಯ ನೀರಿಗಿಳಿದ ಕೂಡಲೇ ಗಾಳಿಯ ಜೊತೆ ಹರಟೆಗೆ ಕೂರುತ್ತಿದ್ದರು. ದೋಣಿಯಲ್ಲಿ ನೀರು ಮೀಟುವ ಹುಟ್ಟು ಮಾತ್ರ ಇಡಗೊಡುತ್ತಿರಲಿಲ್ಲ.

“ಹಾಯಿ ಇರೂ ದೋಣ್ಯಾಗ ಹುಟ್ಟು ಯಾಕಬೇಕು? ಗಾಳಿ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಕ್ಕೈತಿ” ಅನ್ನುವುದು ಅವರ ವಾದ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅತ್ತೆಯದು ಇನ್ನೂ ಒಂದು ನೇಮ, ಗಂಡ ಉಣ್ಣದೆ ತಾವು ಉಣ್ಣುವುದಿಲ್ಲ. ಗಾಳಿಗೆ ಇದೆಲ್ಲ ಏನು ಗೊತ್ತು? ಮಾವನವರು ಎಷ್ಟೋ ಸಲ ಕತ್ತಲಾದ ಮೇಲೆ ದಂಡೆ ಸೇರುತ್ತಿದ್ದರು, ಇಬ್ಬರೂ ಉಪವಾಸ. ಕೊನೆಗೆ ಒಂದು ದಿನ ಅತ್ತೆ ನಮ್ಮೆಲ್ಲರೆದುರೇ ಹೇಳಿಬಿಟ್ಟರು.

“ಇನ್ನೊಂದ್ಸಲ ನಾ ಉಪವಾಸ ಮಲಗಿದ್ರ, ಆ ದೋಣಿ ಮಾರಬೇಕ ನೋಡ್ರಿ.”

“ಆತು, ಮಾತು ಕೊಟ್ಟೆ” ಅಂದರು ಮಾವನವರು. ಕೊಟ್ಟ ಮಾತಿಗೆ ತಪ್ಪುವವರಲ್ಲ ಅಂತ ಇಡೀ ನಿಪ್ಪಾಣಿ ಪೇಟೆಗೆ ಗೊತ್ತಿತ್ತು. ದೋಣಿ ಉಳಿಯಬೇಕಾದರೆ ಇನ್ನು ಅವರು ಬೆಳಕಿರುವಾಗಲೇ ದಂಡೆ ಮುಟ್ಟಬೇಕಿತ್ತು.

ಮುಂದಿನ ರವಿವಾರವೇ ಗಾಳಿ ಕೈಕೊಟ್ಟಿತು. ನಡುಹೊಳೆಯಲ್ಲಿ ಹಾಯಿ ಜೋತುಬಿದ್ದು ದೋಣಿ ನಿಂತಲ್ಲೇ ನಿಂತಿತು. ಸೂರ್ಯ ಆಚೆ ದಂಡೆಯ ಕಬ್ಬಿನ ಮೇಲೆ ಬಂದಿದ್ದ. ಮಾವನವರು ತಲೆಯ ಟೊಪ್ಪಿಗೆ ತೆಗೆದು ಹಾಯಿಗೆ ಗಾಳಿ ಬೀಸತೊಡಗಿದರು! ಅತ್ತೆಯ ಜೊತೆ ದಂಡೆಯಲ್ಲಿದ್ದ ನನಗೆ ಮೊದಲು ನಗು ಬಂತು, ಆಮೇಲೆ ದೋಣಿ ಹೋಯಿತಲ್ಲ ಅನಿಸಿತು. ಅತ್ತೆ ಗೆದ್ದರು ಅಂದುಕೊಂಡೆ. ಅವರು ಸುಮ್ಮನೆ ಕೂತಿದ್ದರೆ ಸಾಕಿತ್ತು.

ಅವರು ಕೂರಲಿಲ್ಲ. ಸೀರೆ ಎತ್ತಿಕಟ್ಟಿ, ಬುತ್ತಿಗಂಟು ಹಿಡಿದು, ಜನರನ್ನು ಆಚೆ ದಂಡೆಗೆ ದಾಟಿಸುವ ಅಂಬಿಗನನ್ನು ಕೂಗಿದರು.

“ನನ್ನ ಅವರ ಕಡೆ ಮುಟ್ಟಸಪಾ, ಲಗೂನ.”

“ಅವ್ವಾರ, ನೀವು ನೀರಿಗೆ ಅಂಜತೀರಲ್ರಿ?”

“ಅಂಜಕೋತನ ಬರ್ತೀನಿ, ನಡಿ ನೀ.”

ಅಷ್ಟು ವರ್ಷ ಹೊಳೆಯಲ್ಲಿ ಕಾಲು ಕೂಡ ತೋಯಿಸದ ಹೆಂಗಸು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಾವೆಯಲ್ಲಿ ಕೂತು ಹೊರಟೇಬಿಟ್ಟರು. ನಡುನೀರಿನಲ್ಲಿ ಎರಡೂ ದೋಣಿಗಳನ್ನು ಪಕ್ಕಪಕ್ಕ ನಿಲ್ಲಿಸಿ ಗಂಡ ಹೆಂಡತಿ ರೊಟ್ಟಿ, ಹೆಸರುಕಾಳಿನ ಪಲ್ಯ ಗಬಗಬ ಉಂಡರು. ಕೈ ತೊಳೆಯುವಾಗ ಕಬ್ಬಿನ ಮೇಲೆ ಇನ್ನೂ ಒಂದು ಚೂರು ಸೂರ್ಯ ಉಳಿದಿದ್ದ. ಅಂಬಿಗ ಹಾಯಿದೋಣಿಗೆ ಹಗ್ಗ ಕಟ್ಟಿ ದಂಡೆಗೆ ಎಳೆದು ತಂದ.

“ಸುಮ್ನ ಕುಂತಿದ್ರ ದೋಣಿ ಹೋಗಿಬಿಡ್ತಿತ್ತಲ್ರಿ ಅತ್ತಿ” ಎಂದು ಛೇಡಿಸಿದೆ.

“ಹೋಗ್ತಿತ್ತು. ಆಮ್ಯಾಲ ರವಿವಾರ ಇಡೀ ದಿನ ಮನ್ಯಾಗ ಕುಂತು ನನ್ನ ಅಡಿಗ್ಯಾಗ ತಪ್ಪು ಹುಡುಕತಿದ್ರು” ಎಂದು ನಕ್ಕರು. ನನಗೆ ಆ ಕ್ಷಣ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಮರುವಾರ ಅತ್ತೆ ಹುಟ್ಟೊಂದನ್ನು ಮಾಡಿಸಿ ತಂದು ದೋಣಿಯಲ್ಲಿ ಇಟ್ಟರು. ಮಾವನವರು ಹುಟ್ಟನ್ನು ದೋಣಿಯಿಂದ ತೆಗೆಸಲಿಲ್ಲ. ಅದನ್ನು ಮುಟ್ಟಲೂ ಇಲ್ಲ. ಬದಲಿಗೆ ಗಾಳಿ ಇರುವಾಗಲೇ ದಂಡೆಗೆ ತಿರುಗುವುದನ್ನು ರೂಢಿ ಮಾಡಿಕೊಂಡರು.

ತೊಂಬತ್ತರ ದಶಕದ ಕೊನೆಯಲ್ಲಿ ಮಾವನವರು ತೀರಿಕೊಂಡ ಮೇಲೆ ಅತ್ತೆ ದೋಣಿಯನ್ನು ಆ ಅಂಬಿಗನಿಗೇ ಕೊಟ್ಟರು. ಅವನು ಹುಟ್ಟನ್ನೂ ಕೇಳಿದ. ಕೊಡಲಿಲ್ಲ.

“ಅದನ್ನ ಅವರು ಒಂದಿನಾನೂ ನೀರಿಗೆ ಅದ್ದಲಿಲ್ಲಪಾ,” ಅಂದರು, “ಆದ್ರ ಒಂದಿನಾನೂ ಬಿಟ್ಟು ಹೋಗಲಿಲ್ಲ.”