ಫುರೈಜ್ ಮರಕ್ಕೆ ನೇತುಹಾಕಿದ ಪೆಟ್ಟಿಗೆ

ಸಿನಾಯಿ ಮರುಭೂಮಿಯ ಒಂಟೆಯವರಲ್ಲಿ ಫುರೈಜ್‌ನಷ್ಟು ಜಂಬದವನು ಇನ್ನೊಬ್ಬನಿರಲಿಲ್ಲ. ಇರಲಿ ಬಿಡಿ, ಆ ಜಂಬ ಅವನಿಗೆ ಒಪ್ಪುತ್ತಿತ್ತು. ಮೂವತ್ತು ವರ್ಷ ಅಲ್ಲಿನ ಕ್ರೈಸ್ತ ಮಠದ ಯಾತ್ರಿಕರನ್ನು ಕರೆದೊಯ್ದು ಕರೆತಂದವನು. ಯಾರದೂ ಒಂದು ಸೂಜಿ ಕಳೆದಿರಲಿಲ್ಲ.

ಆ ವರ್ಷ ಬಂದವಳು ಹೆಸ್ಟರ್ ದೊರೆಸಾನಿ. ಅರಬ್ಬಿ ಮಾತನ್ನು ನೀರು ಕುಡಿದಂತೆ ಆಡುತ್ತಿದ್ದಳು. ನಲವತ್ತು ದಿನ ಮಠದಲ್ಲಿ ಕೂತು, ಹಳೆಯ ತೊಗಲಿನ ಹಾಳೆಗಳಲ್ಲಿ ಸಂತರ ಕಥೆ ಬರೆಯಲೆಂದು ಯಾರೋ ಅಳಿಸಿದ್ದ, ಆ ಅಕ್ಷರಗಳ ಅಡಿಯಲ್ಲಿ ಮಸುಕಾಗಿ ಉಳಿದಿದ್ದ ಸುವಾರ್ತೆಯನ್ನು ಪತ್ತೆಹಚ್ಚಿ, ಒಂದೊಂದು ಹಾಳೆಯ ಫೋಟೋ ತೆಗೆದಿದ್ದಳು. ಅವಳ ಊರಿನ ಪಂಡಿತರು ಹೆಂಗಸಿನ ಮಾತು ನಂಬಬೇಕಾದರೆ ಅದೊಂದೇ ಸಾಕ್ಷಿ.

ಹಿಂದಿರುಗುವಾಗ ದೊರೆಸಾನಿ ಮುಂದೆ ಸಾಗಿದ್ದಳು. ಹಿಂದೆ ಹೊರೆಯ ಒಂಟೆಯೊಂದು ಕುಂಟಿತು. ಫುರೈಜ್ ಅದರ ಸಾಮಾನಿಳಿಸಿ, ಒಣಗಿದ ಹಳ್ಳದ ಜಾಲಿಮರಕ್ಕೆ ನೇತುಹಾಕಿ ಬಂದ. ಸಂಜೆ ಬಾವಿಯ ಹತ್ತಿರ ದೊರೆಸಾನಿ ಕೇಳಿದಳು.

"ಫುರೈಜ್, ನನ್ನ ಫೋಟೋಗಳ ತಗಡಿನ ಪೆಟ್ಟಿಗೆ ಎಲ್ಲಿ?"

"ಮರದಲ್ಲಿದೆ ಅಮ್ಮಾವ್ರೇ."

"ಮರದಲ್ಲಾ? ಅಯ್ಯೋ ದೇವರೇ! ಕಾಯೋಕೆ ಯಾರಿದಾರೆ?"

"ಕಾಯೋದ್ಯಾಕೆ? ಮರದಲ್ಲಿ ತೂಗಾಕಿದ್ದನ್ನ ನಮ್ಮೋರು ಮುಟ್ಟಲ್ಲ. ನಮ್ಮಪ್ಪನ ಗುಡಾರ ಎರಡು ವರ್ಷ ಹಂಗೇ ತೂಗ್ತಿತ್ತು. ಅದು ಹೋದ್ರೆ, ನನ್ನ ಗಡ್ಡದಾಣೆ, ಇನ್ಮೇಲೆ ಒಂಟೆ ಮುಟ್ಟಲ್ಲ."

"ನಿನ್ನ ಗಡ್ಡ ತಗೊಂಡು ನಾನೇನು ಮಾಡ್ಲಿ?"

ಅಷ್ಟರಲ್ಲಿ ಬೆಟ್ಟದ ಕಡೆ ಗುಡುಗಿತು. ಹಳ್ಳಕ್ಕೆ ನೆರೆ ಬಂತು. ಫುರೈಜ್‌ನ ತಲೆಗೆ ಆಗ ಹೊಳೆಯಿತು: ಮಳೆಗಾಲದಲ್ಲಿ ಕೆಳಗಿನ ಕೊಂಬೆಗೆ ಕಟ್ಟಿದ್ದ! ಹಾಲುಗಲ್ಲದ ಮಗುವೂ ಮಾಡದ ತಪ್ಪು.

ಬೆಳಗಾದ ಮೇಲೆ ಕೆಸರು ತುಳಿಯುತ್ತ ಓಡಿದ. ಆ ಕೊಂಬೆಯೇ ಇರಲಿಲ್ಲ. ತಲೆಯೆತ್ತಿದರೆ, ಸಾಮಾನೆಲ್ಲ ಮರದ ನೆತ್ತಿಯಲ್ಲಿ! ಪೆಟ್ಟಿಗೆಯನ್ನು ಯಾರೋ ಹೆಂಗಸಿನ ನೇಯ್ದ ಸೊಂಟಪಟ್ಟಿಯಿಂದ ಬಿಗಿದು ಕಟ್ಟಿದ್ದರು. ಒಂದು ಹನಿಯೂ ತಾಗಿರಲಿಲ್ಲ. ಅವನು ಮರಕ್ಕೆ ಒರಗಿ ಗಳಗಳನೆ ಅತ್ತ.

ಪೆಟ್ಟಿಗೆ ತಂದು ದೊರೆಸಾನಿಯ ಮುಂದಿಟ್ಟ. ತನ್ನ ತಪ್ಪನ್ನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

"ತಪ್ಪು ನಂದೇ ಅಮ್ಮಾವ್ರೇ, ತಗ್ಗಲ್ಲಿ ಕಟ್ಟಿದ್ದೆ. ಆಡು ಮೇಯಿಸೋ ಯಾವಳೋ ಪುಣ್ಯಾತಗಿತ್ತಿ ಮೋಡ ನೋಡಿ ಮೇಲಕ್ಕೇರಿಸಿದಾಳೆ. ಅವಳ ಪಟ್ಟೀನ ಅಲ್ಲೇ ಬಿಟ್ಟು ಬಂದಿದೀನಿ, ಬಂದು ತಗೋತಾಳೆ."

ದೊರೆಸಾನಿ ಪೆಟ್ಟಿಗೆಯನ್ನು ಅವುಚಿಕೊಂಡಳು. ಚೀಲದಿಂದ ಒಂದು ಹಿಡಿ ಚಿನ್ನದ ನಾಣ್ಯ ತೆಗೆದಳು.

"ಅವಳನ್ನ ಹುಡುಕಿ ಇದನ್ನ ಕೊಡು."

ಫುರೈಜ್ ಅವಳ ಮುಷ್ಟಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಬೇಡಿ ಅಮ್ಮಾವ್ರೇ. ಇದಕ್ಕೂ ಇನಾಮು ಅಂತ ಶುರುವಾದ್ರೆ, ನಾಳೆಯಿಂದ ನಮ್ಮ ಮರಗಳಿಗೆಲ್ಲ ಕಾವಲು ಹಾಕ್ಬೇಕಾಗತ್ತೆ."