ಅತ್ತೆಯ ನಾಟಕದ ಟವೆಲ್

ನಾಟಕಕ್ಕೆ ಹೊರಟಳೆಂದರೆ ನನ್ನ ಸೋದರತ್ತೆಯ ಎಡಹೆಗಲ ಮೇಲೆ ಗಂಡಸರ ಹಾಗೆ ಒಂದು ಟವೆಲ್ ಬೀಳುತ್ತಿತ್ತು. ಕೆಂಪು ಅಂಚಿನ, ಒಗೆದೊಗೆದು ಮೆತ್ತಗಾದ ಬಿಳಿ ಟವೆಲ್. ದಾರಿಯಲ್ಲಿ ಯಾರಾದರೂ ನಕ್ಕರೆ, "ಅಳಾಕ ಹೊಂಟೀನಿ. ಸೆರಗು ಸಾಲಂಗಿಲ್ಲ" ಎಂದು ನಿಂತು ಹೇಳಿಯೇ ಮುಂದೆ ನಡೆಯುತ್ತಿದ್ದಳು. ನಾಟಕ ಹೇಗಿತ್ತೆಂದು ಮರುದಿನ ನಾವು ಕೇಳಬೇಕಿರಲಿಲ್ಲ, ಅಂಗಳದ ಹಗ್ಗದ ಮೇಲೆ ಟವೆಲ್ ಒಣಗುತ್ತಿದೆಯೇ ನೋಡಿದರೆ ಸಾಕು. ಮಡಿಕೆ ಕೂಡ ಬಿಚ್ಚದೆ ಪೆಟ್ಟಿಗೆಗೆ ಹೋಗಿದ್ದರೆ ಆ ನಾಟಕ ಕೆಟ್ಟಿತೆಂದೇ ಅರ್ಥ.

ಅತ್ತೆ ಕುರುಗೋಡಿನ ಮನೆಯಲ್ಲೇ ಜಂಪರ್ ಹೊಲಿದು ಬದುಕುತ್ತಿದ್ದಳು. ಮಕ್ಕಳಿರಲಿಲ್ಲ, ಗಂಡ ಬೇಗ ತೀರಿಕೊಂಡಿದ್ದ. ಗಂಡ ಸತ್ತವಳಿಗೆ ನಾಟಕದ ಹುಚ್ಚೇಕೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಅವಳು ಸೊಪ್ಪು ಹಾಕಲಿಲ್ಲ. "ಮನ್ಯಾಗ ಕುಂತು ಅತ್ತರ ತಲಿ ನೋಯ್ತೈತಿ. ನಾಟಕದಾಗ ಅತ್ತರ ಹಸಿವಾಗ್ತೈತಿ" ಎನ್ನುತ್ತಿದ್ದಳು. ನಿಜವೇ. ಪರದೆ ಬಿದ್ದ ಮೇಲೆ ಕೆಂಪು ಕಣ್ಣಿನಲ್ಲೇ ತಳ್ಳುಗಾಡಿಯ ಮುಂದೆ ನಿಂತು, ಒಗ್ಗರಣಿ ಮಂಡಕ್ಕಿಗೆ ಮಿರ್ಚಿ ಕಚ್ಚಿಕೊಂಡು ತಿನ್ನುತ್ತ ನಾಟಕದ ಖಳನಿಗೆ ಬಯ್ಯುತ್ತಿದ್ದಳು. ಬಳ್ಳಾರಿಯಲ್ಲಿ ತೆಲುಗು ನಾಟಕವಿದ್ದರೂ ಬಿಡುತ್ತಿರಲಿಲ್ಲ. ಅಳಾಕ ಯಾವ ಭಾಷಿ ಆದ್ರೇನು ಎಂಬುದು ಅವಳ ವಾದ.

ನಮ್ಮ ಕಡೆ ಊರಿನವರೇ ಕಲಿತು ಆಡುವ ನಾಟಕಗಳಲ್ಲಿ ಗಂಡು ಪಾತ್ರ ಊರಿನವರದು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಇನ್ನೊಂದು ಪದ್ಧತಿಯೂ ಇದೆ. ಅತಿಥಿಯಾಗಿ ಕರೆಸಿದ ದೊಡ್ಡವರು ಎಷ್ಟು ಹೊತ್ತಿಗೆ ಬಂದರೂ ಸರಿ, ಬಂದ ಕೂಡಲೇ ನಾಟಕ ನಿಲ್ಲುತ್ತದೆ. ರಾಜನಿದ್ದರೆ ರಾಜನೇ ಸಿಂಹಾಸನದಿಂದ ಎದ್ದು ಬದಿಗೆ ನಿಲ್ಲಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ, ಆಮೇಲೆ ಅವರ ಎರಡು ಮಾತು. ಎಲ್ಲ ಮುಗಿದ ಮೇಲೆ ಅಳುತ್ತಿದ್ದವರು ಬಿಟ್ಟಲ್ಲಿಂದ ಮತ್ತೆ ಅಳಬೇಕು. ಇದಕ್ಕೆ ಮರ್ಯಾದೆ ಎಂದು ಹೆಸರು.

ನಾನು ಅತ್ತೆಯ ಮನೆಯಲ್ಲಿದ್ದುಕೊಂಡು ಬಳ್ಳಾರಿಯಲ್ಲಿ ಡಿಗ್ರಿ ಓದುತ್ತಿದ್ದಾಗ ಸಿರುಗುಪ್ಪದಲ್ಲಿ ಒಂದು ನಾಟಕವಾಯಿತು. ತೆಕ್ಕಲಕೋಟೆಯಿಂದ ಬಂದಿದ್ದ ಕಲಾವಿದೆಯದು ತಾಯಿಯ ಪಾತ್ರ. ಹೊಲದ ಜಗಳದಲ್ಲಿ ಕೊಲೆಯಾದ ಮಗನ ಚಪ್ಪಲಿ ಹಿಡಿದು ಪಂಚರ ಮುಂದೆ ಅವಳು ನ್ಯಾಯ ಕೇಳುತ್ತಿದ್ದಳು. "ಇವನ್ನ ಯಾರ ಕಾಲಿಗೆ ಹಾಕ್ಲಿ? ಹೇಳ್ರೀ!" ಎಂದು ಒಬ್ಬೊಬ್ಬರ ಮುಂದೆಯೂ ಚಪ್ಪಲಿ ಚಾಚುತ್ತಿದ್ದಳು. ಪಕ್ಕದಲ್ಲಿ ಅತ್ತೆಯ ಟವೆಲ್ ಆಗಲೇ ಅರ್ಧ ತೊಯ್ದಿತ್ತು. ಅಷ್ಟರಲ್ಲಿ ಬಂದರು ರೈಸ್ ಮಿಲ್ಲಿನ ಸಾಹುಕಾರರು. ನನ್ನ ಅಪ್ಪ ಅವರ ಮಿಲ್ಲಿನಲ್ಲೇ ಗುಮಾಸ್ತ. ನಾಟಕದ ಕಮಿಟಿಯವನೊಬ್ಬ ಓಡಿಹೋಗಿ ಮೈಕು ಹಿಡಿದ. ಕಲಾವಿದೆ ಚಪ್ಪಲಿ ಹಿಡಿದುಕೊಂಡೇ ಮೂಲೆಗೆ ಸರಿದಳು.

ಅತ್ತೆ ಎದ್ದು ನಿಂತಳು.

"ಏ, ಮೈಕ್ ಹಿಡದಾತ, ಕೆಳಗ ಇಳಿಯಪ್ಪ. ಆಕಿ ಮಗ ಸತ್ತಾನ. ಆಕಿ ಅಳೂದು ಮುಗೀಲಿ. ನಿಮ್ಮ ಹಾರ ಎಲ್ಲಿ ಓಡಿ ಹೊಕ್ಕಾವು?"

"ಏ, ಕುಂದ್ರಬೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಕೂರಲಿಲ್ಲ. ನೇರ ಸಾಹುಕಾರರ ಕಡೆಗೇ ತಿರುಗಿದಳು. "ಸಾವ್ಕಾರ್ರೇ, ನೀವೂ ತಾಯಿ ಹೊಟ್ಯಾಗ ಹುಟ್ಟಿದವ್ರು. ಕುಂದ್ರರಿ. ನೀವೂ ನೋಡ್ರಿ."

ಹೆಂಗಸರ ಸಾಲಿನಿಂದ "ಮುಗೀಲಿ, ಮುಗೀಲಿ" ಎಂಬ ದನಿಗಳೆದ್ದವು. ಸಾಹುಕಾರರು ಮುಖ ಕಪ್ಪಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತರು. ಕಲಾವಿದೆ ಮತ್ತೆ ನಡುವೆ ಬಂದು ಒಂದು ಕ್ಷಣ ಅತ್ತೆಯನ್ನು ನೋಡಿದಳು. ಆಮೇಲೆ ಅವಳು ಅತ್ತದ್ದು ಇದೆಯಲ್ಲ, ಅಂಥ ಅಳುವನ್ನು ನಾನು ಇನ್ನೊಮ್ಮೆ ಯಾವ ರಂಗದ ಮೇಲೂ ಕೇಳಿಲ್ಲ.

ಮರುದಿನ ಅಪ್ಪ ಸಿರುಗುಪ್ಪದಿಂದ ಕುರುಗೋಡಿಗೆ ಓಡಿ ಬಂದ. "ಅಕ್ಕಾ, ನನ್ನ ಅನ್ನದಾಗ ಮಣ್ಣು ಹಾಕಿದಿ. ಮಿಲ್ಲಿಗೆ ಬಂದು ತಪ್ಪಾತು ಅಂತ ಒಂದ್ ಮಾತು ಹೇಳು."

ಅತ್ತೆ ಹೊಲಿಗೆ ಮಿಷನ್ ನಿಲ್ಲಿಸಲಿಲ್ಲ. "ನಿನ್ನ ಕೆಲಸ ಹೋದ್ರ ಇಲ್ಲಿ ಬಂದು ಉಣ್ಣಲೇ ತಮ್ಮ, ನಾ ಹೊಲಿದು ಹಾಕ್ತೀನಿ. ತಪ್ಪಾತು ಅಂತ ಮಾತ್ರ ಅನ್ನಂಗಿಲ್ಲ. ತಪ್ಪು ಮಾಡಿಲ್ಲ."

ಕೆಲಸವೇನೋ ಹೋಗಲಿಲ್ಲ. ಆದರೆ ಸಾಹುಕಾರರು ಅಪ್ಪನಿಗೆ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟರು, ಅಪ್ಪ ಅಕ್ಕನ ಮನೆಗೆ ಬರುವುದನ್ನು ಬಿಟ್ಟ. ಮುಂದಿನ ನಾಟಕಕ್ಕೆ ಅತ್ತೆಗೆ ಕುರ್ಚಿ ಇಲ್ಲವೆಂದು ಕಮಿಟಿಯವರು ಹೇಳಿ ಕಳಿಸಿದರು. ಅವಳು ಟವೆಲ್ಲಿನ ಜೊತೆಗೆ ಒಂದು ಚಾಪೆಯನ್ನೂ ಒಯ್ದು ಎಲ್ಲರಿಗಿಂತ ಮುಂದೆ ಹಾಸಿಕೊಂಡಳು. ಆ ಕಲಾವಿದೆ ಈ ಕಡೆ ಬಂದಾಗಲೆಲ್ಲ ಅತ್ತೆಯ ಮನೆಯಲ್ಲೇ ಊಟ, ಅವಳ ಜಂಪರುಗಳನ್ನೆಲ್ಲ ಹೊಲಿಯುವವಳೂ ಅತ್ತೆಯೇ. ನಾಟಕದವಳನ್ನು ಒಳಗೆ ಕರೆದಳೆಂದು ಓಣಿಗೆ ಇನ್ನೊಂದು ಮಾತು ಸಿಕ್ಕಿತು. ಆಡಿಕೊಳ್ಳಲಿ ಎಂದು ಅತ್ತೆ ಬಾಗಿಲನ್ನು ಇನ್ನಷ್ಟು ಅಗಲ ತೆರೆದಿಟ್ಟಳು.

ಹೋದ ವರ್ಷ ಅತ್ತೆ ತೀರಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಅಪ್ಪ ಅಕ್ಕನ ಮನೆಯ ಹೊಸ್ತಿಲು ದಾಟಿದ. ಕಲಾವಿದೆ ತೆಕ್ಕಲಕೋಟೆಯಿಂದ ಬಂದವಳೇ ಹೆಣದ ತಲೆಯ ಹತ್ತಿರ ಕುಳಿತು ದನಿ ತೆಗೆದು ಅಳತೊಡಗಿದಳು. ಅಂಗಳದಲ್ಲಿ ಕಾರು ನಿಂತಿತು. ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದ ಸಾಹುಕಾರರು ಆಳೆತ್ತರದ ಹಾರ ಹಿಡಿದು ಒಳಗೆ ಬಂದರು. ಜೊತೆಯಲ್ಲಿ ಬಂದ ಫೋಟೊದವನು ಕಲಾವಿದೆಗೆ, "ಏಯಮ್ಮಾ, ಚೂರು ಆಕಡಿ ಸರಿ, ಸಾವ್ಕಾರ್ರು ಹಾರ ಹಾಕ್ತಾರ" ಎಂದ. ಅವಳು ಕಣ್ಣೊರೆಸಿಕೊಳ್ಳುತ್ತ ಏಳಲು ಹೋದಳು.

ಅತ್ತೆಯ ಟವೆಲ್ ಬೆಳಗಿನಿಂದ ನನ್ನ ಹೆಗಲ ಮೇಲಿತ್ತು. ಅದನ್ನು ಕಲಾವಿದೆಯ ಕೈಗೆ ಕೊಟ್ಟೆ. "ಏಳಬ್ಯಾಡಕ್ಕ. ನೀ ಅಳೂದು ಮುಗೀಲಿ" ಎಂದೆ. ಸಾಹುಕಾರರು ನನ್ನನ್ನು ಬಿಟ್ಟು ಅಪ್ಪನ ಮುಖ ನೋಡಿದರು. ಜೀವನವಿಡೀ ಅವರ ಮುಂದೆ ತಲೆ ತಗ್ಗಿಸಿ ನಿಂತ ಅಪ್ಪ ಈಗ ನನಗೆ ಬಯ್ಯುತ್ತಾನೆ ಎಂದುಕೊಂಡೆ.

"ತಡೀರಿ ಸಾವ್ಕಾರ್ರೇ" ಎಂದ ಅಪ್ಪ. "ನಮ್ಮಕ್ಕನ ಮನ್ಯಾಗ ಹಿಂಗ ಪದ್ಧತಿ."

ಸಾಹುಕಾರರು ಹಾರ ಹಿಡಿದುಕೊಂಡೇ ಮೂಲೆಗೆ ಸರಿದರು. ಟವೆಲ್ ಪೂರ್ತಿ ತೊಯ್ಯುವವರೆಗೂ ಅಲ್ಲೇ ನಿಂತಿದ್ದರು.