ಹುರುಳಿಯ ಮೇಲೆ ಇಳಿದ ವಿಮಾನ

ನೇರವಾಗಿ ಹೋಗುವುದು ನನಗೆ ಯಾವತ್ತೂ ಬಂದಿಲ್ಲ. ಸೈಕಲ್ಲಿನಲ್ಲಿ ಇದು ಯಾರ ಗಮನಕ್ಕೂ ಬರಲಿಲ್ಲ; ವಿಮಾನದಲ್ಲಿ ಬಂತು. ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ಹೊರಗೆ ಎರಡು ಸೀಟಿನ ವಿಮಾನ ಹಾರಿಸಲು ಕಲಿಯುತ್ತಿದ್ದೆ. ಜೊತೆಯವರೆಲ್ಲ ಒಂಟಿಯಾಗಿ ಹಾರಿ ಬಂದಿದ್ದರು. ನಾನು ಮಾತ್ರ ರನ್‌ವೇಯ ಬಿಳಿ ಗೆರೆಯ ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದೆ. "ಕುಡಿದವನ ಹಾಗೆ ಓಡಿಸ್ತೀಯಲ್ಲಯ್ಯ. ನಿನ್ನೊಬ್ಬನ್ನೇ ಬಿಟ್ರೆ ನನ್ನ ಪೆನ್ಶನ್ ಹೋಗುತ್ತೆ," ಎನ್ನುತ್ತಿದ್ದರು ಗುರುಗಳಾದ ಕ್ಯಾಪ್ಟನ್ ಸೋಮಯ್ಯ. ಆ ತಿಂಗಳೊಳಗೆ ಒಬ್ಬನೇ ಹಾರದಿದ್ದರೆ ಶಾಲೆ ಬಿಡಬೇಕು ಎಂದೂ ಹೇಳಿಯಾಗಿತ್ತು.

ಅವತ್ತು ನಂಜನಗೂಡಿನ ಆಚೆ, ಕವಲಂದೆ ಹತ್ತಿರ, ಎಂಜಿನ್ ಕೆಟ್ಟರೆ ಎಲ್ಲಿ ಇಳಿಯುತ್ತೀ ಎಂಬ ಪಾಠ. ಕ್ಯಾಪ್ಟನ್ ಎಂಜಿನ್ ತಗ್ಗಿಸುತ್ತಾರೆ, ನಾನು ಜಾಗ ತೋರಿಸುತ್ತೇನೆ, ಅವರು ಬೈದು ಮತ್ತೆ ಮೇಲೇರಿಸುತ್ತಾರೆ, ಇದು ಕ್ರಮ. ಅವತ್ತು ತೋರಿಸಿದೆ, ಬೈದರು, ಎಂಜಿನ್ ಮಾತ್ರ ಚೇತರಿಸಿಕೊಳ್ಳಲಿಲ್ಲ. ಕೆಳಗಿದ್ದ ಟಾರು ರಸ್ತೆಗೇ ಇಳಿಸಬೇಕಾಯಿತು. ಇಳಿಸಿದ್ದು ನನ್ನ ನೆನಪಿನಲ್ಲಿ ನಾನು, ಅವರ ನೆನಪಿನಲ್ಲಿ ಅವರು. ನೆನಪು ಯಾರ ಮನೆಯಲ್ಲಿ ಊಟ ಮಾಡಿತೋ ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ರಸ್ತೆ ತುಂಬ ಹುರುಳಿ ಗಿಡ ಹಾಸಿತ್ತು. ನಮ್ಮ ಕಡೆ ಸುಗ್ಗಿಯಲ್ಲಿ ಕಣ ಮಾಡುವವರು ಕಡಿಮೆ. ರಸ್ತೆಗೆ ಹರಡಿದರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸುತ್ತವೆ. ವಿಮಾನ ಅದರ ಮೇಲೆ ನನ್ನ ಶೈಲಿಯಲ್ಲೇ ಓಲಾಡಿ ನಿಂತಿತು. ನಾವು ಬದುಕಿದ್ದೇವೆಯೇ ಎಂದು ನೋಡಿಕೊಳ್ಳುವಷ್ಟರಲ್ಲಿ ಹುರುಳಿಯ ಒಡತಿ ಚಿಕ್ಕತಾಯಮ್ಮ ಬಂದು, ಚಕ್ರದಡಿಯಿಂದ ಒಂದು ಕಾಯಿ ಎತ್ತಿ ಹಿಸುಕಿ ನೋಡಿದರು.

"ಬಸ್ಸು ಒಂದೇ ಜಾಡಲ್ಲಿ ಓಯ್ತದೆ ಸಾ. ಈ ಅಪ್ಪ ನೋಡಿ, ಎಲ್ಲಾ ಕಡೀಕೂ ತುಳ್ದವ್ನೆ. ಇನ್ನೊಂದ್ ಸಲ ಓಡ್ಸಕ್ಕೇಳಿ."

"ತಾಯಿ, ಇದು ವಿಮಾನ," ಎಂದರು ಕ್ಯಾಪ್ಟನ್.

"ಅದು ನನ್ಗೂ ಕಾಣ್ತದೆ. ನಮ್ ಉಳ್ಳಿ ಮ್ಯಾಲೆ ಇಳ್ಸುವಾಗ ನಿಮ್ಗೆ ಗ್ಯಾನ ಇರ್ನಿಲ್ವಾ?"

ಊರಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಕರೆಸಿದ ಮೆಕ್ಯಾನಿಕ್ ಸ್ಕೂಟರಿನಲ್ಲಿ ಬಂದು ಎಂಜಿನ್ ಸರಿಮಾಡಿದ. ಅದನ್ನು ಓಡಿಸಿ ನೋಡುವಾಗ ಒಬ್ಬರು ಒಳಗೆ ಬ್ರೇಕ್ ಒತ್ತಿ ಕೂರಬೇಕು, ಒಬ್ಬರು ಹೊರಗೆ ನಿಂತು ಜನರನ್ನು ಪ್ರೊಪೆಲರಿನಿಂದ ದೂರ ಇಡಬೇಕು. ಜನ ಹೆದರುತ್ತಿದ್ದುದು ಕ್ಯಾಪ್ಟನ್ನರ ಮೀಸೆಗೆ ಮಾತ್ರ. ಹಾಗಾಗಿ ಮೊಟ್ಟಮೊದಲ ಬಾರಿಗೆ ನಾನೊಬ್ಬನೇ ಒಳಗೆ ಕೂತೆ. ಪ್ರೊಪೆಲರ್ ತಿರುಗಿದ್ದೇ ಹಿಂದಕ್ಕೆ ಗಾಳಿ ಬೀಸಿತು. ಹಿಂದಿನ ದಿನ ತುಳಿಸಿದ್ದ ರಾಶಿಯನ್ನು ತೂರಲು ಗಾಳಿಯಿಲ್ಲದೆ ಕಾಯುತ್ತಿದ್ದ ಚಿಕ್ಕತಾಯಮ್ಮ ಮೊರ ತುಂಬಿಕೊಂಡು ವಿಮಾನದ ಬಾಲದ ಹಿಂದೆ ನಿಂತೇಬಿಟ್ಟರು.

"ವಸಿ ಕಮ್ಮಿ ಮಾಡಕ್ಕೇಳಿ ಸಾ, ಕಾಳೂ ಆರೋಯ್ತದೆ."

ಕ್ಯಾಪ್ಟನ್ ಕೈಸನ್ನೆ ಮಾಡಿದರು, ತಗ್ಗಿಸಿದೆ. ಹೊಟ್ಟು ಹಾರುತ್ತಿಲ್ಲ ಎಂದು ಮತ್ತೆ ಸನ್ನೆ ಬಂತು, ಏರಿಸಿದೆ. ಎರಡೂ ಕಡೆ ನಿಂತುಹೋಗಿದ್ದ ಬಸ್ಸುಗಳ ಹೆಂಗಸರು ಇಳಿದು ಬಂದು ಮೊರಕ್ಕೆ ಕೈಕೊಟ್ಟರು. ರಾಶಿ ಮುಗಿದು ರಸ್ತೆ ತೆರವಾದ ಮೇಲೆ ಕ್ಯಾಪ್ಟನ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿಸಿದರು. ಅರ್ಧ ದಾರಿಯಲ್ಲಿ ಕಿಟಕಿಯ ಕಡೆ ನೋಡುತ್ತ ಹೇಳಿದರು: "ಹಿಂದೆ ಅಷ್ಟು ಜನ ನಿಂತಿದ್ರೂ ಹೇಳಿದಷ್ಟೇ ಏರಿಸ್ದೆ, ಹೇಳಿದಷ್ಟೇ ತಗ್ಗಿಸ್ದೆ. ನಾಳೆ ಒಬ್ಬನೇ ಹೋಗು."

ಹೋದೆ. ಆ ಒಂಟಿ ಹಾರಾಟವನ್ನು ಹಲವರ ಮುಂದೆ ಚೆಂದವಾಗಿ ಬಣ್ಣಿಸಿದ್ದೇನೆ: ಕಪಿಲೆ ಬಳುಕಿಕೊಂಡು ಹೋಗಿ ನರಸೀಪುರದಲ್ಲಿ ಕಾವೇರಿಯನ್ನು ಸೇರುವುದು, ಇತ್ಯಾದಿ. ಎಲ್ಲ ಆಮೇಲೆ ಸೇರಿಸಿದ್ದು. ನಾನು ರನ್‌ವೇಗೆ ಒಂದು ಸುತ್ತು ಹಾಕಿ ಇಳಿದೆ, ಅಷ್ಟೆ. ನಿಜವಾಗಿ ನೆನಪಿರುವುದು ಒಂದೇ: ಎಂಜಿನ್ ಏರಿಸುವ ಮುಂಚೆ, ಯಾರಾದರೂ ಮೊರ ಹಿಡಿದು ನಿಂತಿದ್ದಾರೆಯೇ ಎಂದು ಹಿಂದಕ್ಕೆ ತಿರುಗಿ ನೋಡಿದೆ.

ಯಾರೂ ಇರಲಿಲ್ಲ. ಅಷ್ಟು ಗಾಳಿ ಸುಮ್ಮನೆ ಹೋಯಿತು.